ವಾಕಿಂಗ್ ಮುಗಿಸಿ ಹಿಮ್ಮಡಿ ಇಟ್ಟರೆ ಮೂಳೆಯ ಅಂಕಿ ಎಷ್ಟು ನಿಜ?

‘ಶಿಬಿರದಲ್ಲಿ ಪರೀಕ್ಷಿಸಿಕೊಂಡ ಅರ್ಧದಷ್ಟು ಜನರಿಗೆ ಮೂಳೆ ದುರ್ಬಲ’ ಎಂಬ ಧಾಟಿಯ ಸುದ್ದಿ ದಾವಣಗೆರೆ, ಚಿತ್ರದುರ್ಗದ ಜಿಲ್ಲಾ ಪುಟಗಳಿಗೆ ಹೊಸದಲ್ಲ. ಅಕ್ಟೋಬರ್ 20ರ ವಿಶ್ವ ಆಸ್ಟಿಯೊಪೊರೋಸಿಸ್ (ಮೂಳೆ ಟೊಳ್ಳಾಗುವ ರೋಗ) ದಿನದ ಆಸುಪಾಸಿನಲ್ಲಂತೂ ಉಚಿತ ಬಿಎಂಡಿ, ಅಂದರೆ ಮೂಳೆ ಸಾಂದ್ರತೆ ತಪಾಸಣೆಯ ಕ್ಯಾಂಪ್‌ಗಳು ಹೆಚ್ಚು. ಪಾರ್ಕಿನ ಗೇಟಿನ ಪಕ್ಕ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಮೇಜಿನ ಮುಂದೆ ನೆಲದ ಮೇಲೆ ತೂಕದ ಯಂತ್ರದಷ್ಟೇ ದೊಡ್ಡದಾದ ಒಂದು ಪೆಟ್ಟಿಗೆ. ವಾಕಿಂಗ್ ಮುಗಿಸಿ ಬಂದವರು ಶೂ ಕಳಚಿ ಹಿಮ್ಮಡಿ ಇಡುತ್ತಾರೆ. ಎರಡು ನಿಮಿಷದೊಳಗೆ ಹಸಿರು, ಹಳದಿ, ಕೆಂಪು ಪಟ್ಟಿಗಳ ಮೇಲೆ ಒಂದು ಚುಕ್ಕಿ ಇರುವ ಚೀಟಿ ಕೈಗೆ ಬರುತ್ತದೆ.

ಗೊಂದಲ ಶುರುವಾಗುವುದು ಆಮೇಲೆ. ತಿಂಗಳ ಹಿಂದೆ ಇನ್ನೊಂದು ಕ್ಯಾಂಪ್‌ನಲ್ಲಿ ಹಸಿರಿನಲ್ಲಿದ್ದ ಚುಕ್ಕಿ ಈಗ ಹಳದಿಗೆ ಜಾರಿದೆ. ಒಂದು ತಿಂಗಳಲ್ಲಿ ಮೂಳೆ ಸವೆಯಿತೆ? ಅಥವಾ ಈಗಷ್ಟೇ ನಡೆದು ಬಂದಿದ್ದಕ್ಕೆ ಹೀಗಾಯಿತೆ? ವ್ಯಾಯಾಮ ಮೂಳೆಗೆ ಒಳ್ಳೆಯದು ಅನ್ನುತ್ತಾರಲ್ಲ, ಹಾಗಾದರೆ ಅಂಕಿ ಏರಬೇಕಿತ್ತಲ್ಲವೆ? ಈ ಮೂರು ಪ್ರಶ್ನೆಗಳಿಗೂ ಉತ್ತರ ಇದೆ. ಅದಕ್ಕೆ ಮೊದಲು ಆ ಪೆಟ್ಟಿಗೆ ಏನು ಮಾಡುತ್ತದೆ ಎಂದು ತಿಳಿಯಬೇಕು.

ಪೆಟ್ಟಿಗೆ ಅಳೆಯುವುದು ಮೂಳೆಯನ್ನಲ್ಲ, ಶಬ್ದವನ್ನು

ಹಿಮ್ಮಡಿಯ ಎರಡೂ ಪಕ್ಕಕ್ಕೆ ಜೆಲ್ ಹಚ್ಚಿದ ಎರಡು ಮೆತ್ತೆಗಳು ಒತ್ತಿಕೊಳ್ಳುತ್ತವೆ. ಒಂದು ಕಡೆಯಿಂದ ಶಬ್ದದ ಅಲೆ ಹೊರಡುತ್ತದೆ, ಇನ್ನೊಂದು ಕಡೆ ಅದನ್ನು ಹಿಡಿಯಲಾಗುತ್ತದೆ. ಇದು ನಮ್ಮ ಕಿವಿಗೆ ಕೇಳುವ ಶಬ್ದವಲ್ಲ, ಅಲ್ಟ್ರಾಸೌಂಡ್. ನಾವು ಕೇಳಬಲ್ಲದ್ದು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಮಾತ್ರ, ಇಲ್ಲಿ ಬಳಸುವುದು 2 ಲಕ್ಷದಿಂದ 6 ಲಕ್ಷದವರೆಗಿನ ಕಂಪನ.

ಯಂತ್ರ ಎರಡು ಸಂಗತಿ ಗಮನಿಸುತ್ತದೆ. ಅಲೆ ಆಚೆ ಬದಿ ತಲುಪಿದ ವೇಗ ಒಂದು, ದಾರಿಯಲ್ಲಿ ಅದು ಕಳೆದುಕೊಂಡ ಬಲ ಇನ್ನೊಂದು. ಒಳಗಿನ ಮೂಳೆಯ ಜಾಲ ದಟ್ಟವಾಗಿದ್ದರೆ ಅಲೆ ವೇಗವಾಗಿ ದಾಟುತ್ತದೆ, ಹೆಚ್ಚು ಕಂಪನದ ಅಲೆಗಳು ಹೆಚ್ಚು ಬಲ ಕಳೆದುಕೊಳ್ಳುತ್ತವೆ. ಜಾಲ ತೆಳುವಾದರೆ ಎರಡೂ ಇಳಿಯುತ್ತವೆ. ಬಲ ಕುಂದುವ ಈ ಗುಣವನ್ನು ಹಿಮ್ಮಡಿಯಲ್ಲಿ ಅಳೆದು ತೋರಿಸಿದ್ದು 1984ರಲ್ಲಿ, ಇಂಗ್ಲೆಂಡಿನ ಲ್ಯಾಂಗ್ಟನ್ ಮತ್ತು ಅವರ ಜೊತೆಗಾರರು.

ಹಿಮ್ಮಡಿಯನ್ನೇ ಆರಿಸಿದ್ದಕ್ಕೂ ಕಾರಣವಿದೆ. ಆ ಮೂಳೆಯ ಬಹುಪಾಲು ಸ್ಪಂಜಿನಂಥ ಜಾಲರಿ. ಮುಟ್ಟು ನಿಂತ ಮೇಲೆ ಮೊದಲು ತೆಳುವಾಗುವುದು ಇಂಥ ಜಾಲರಿಯೇ. ಅದರ ಎರಡು ಪಕ್ಕಗಳು ಹೆಚ್ಚುಕಡಿಮೆ ಸಮಾನಾಂತರವಾಗಿವೆ, ಮೇಲೆ ಮಾಂಸವೂ ಕಡಿಮೆ.

ಆದರೆ ಅಲೆ ಮೂಳೆಯನ್ನಷ್ಟೇ ದಾಟುವುದಿಲ್ಲ. ಚರ್ಮ, ಚರ್ಮದಡಿಯ ಕೊಬ್ಬು, ಜಾಲರಿಯ ಸಂದುಗಳಲ್ಲಿ ತುಂಬಿರುವ ಮಜ್ಜೆ, ಆಮೇಲೆ ಮತ್ತೆ ಕೊಬ್ಬು, ಚರ್ಮ. ಇಷ್ಟನ್ನೂ ದಾಟಿ ಬಂದ ಶಬ್ದದಿಂದ ಮೂಳೆಯ ಗುಣವನ್ನು ಊಹಿಸಬೇಕು. ವ್ಯಾಯಾಮ ತೊಡಕು ಮಾಡುವುದು ಇಲ್ಲಿ.

ನಡೆದು ಬಂದ ಕಾಲು, ಕೂತು ತಣಿದ ಕಾಲು

ಮುಕ್ಕಾಲು ಗಂಟೆ ಬಿರುಸಾಗಿ ನಡೆದವರ ಪಾದವನ್ನು ಹತ್ತಿರದಿಂದ ನೋಡಿ. ಕಣಕಾಲಿನ ಸುತ್ತ ಸಾಕ್ಸಿನ ಎಲಾಸ್ಟಿಕ್ ಕೂತ ಗುರುತು ಆಳವಾಗಿ ಮೂಡಿರುತ್ತದೆ. ಚರ್ಮ ಬೆಚ್ಚಗಿರುತ್ತದೆ, ಬೆವರಿನಿಂದ ಅಂಟುತ್ತದೆ. ಬರಿಗಣ್ಣಿಗೆ ಕಾಣುವ ಈ ಮೂರೂ, ಅಂದರೆ ಬಿಸಿ, ಬಾವು, ಬೆವರು, ಶಬ್ದದ ದಾರಿಯನ್ನು ಅಷ್ಟಷ್ಟು ಬದಲಿಸುತ್ತವೆ.

ಮೊದಲು ಬಿಸಿಯನ್ನು ನೋಡೋಣ. ಹೊಟ್ಟೆಯೊಳಗಿನ ಬಿಸಿ 37 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ನಿಂತಿರುತ್ತದೆ. ಪಾದಕ್ಕೆ ಆ ನೇಮವಿಲ್ಲ. ಮಾರ್ಗಶಿರದ ಚಳಿಯಲ್ಲಿ ಬರಿಗಾಲಲ್ಲಿ ಸಾಲಿನಲ್ಲಿ ನಿಂತವರ ಹಿಮ್ಮಡಿ ತಣ್ಣಗೆ ಕೊರೆಯುತ್ತಿರುತ್ತದೆ, ಶೂ ಹಾಕಿ ನಾಲ್ಕು ಸುತ್ತು ಬಂದವರದ್ದು ಬೆಚ್ಚಗಿರುತ್ತದೆ. ನೀರು ಬಿಸಿಯಾದರೆ ಅದರಲ್ಲಿ ಶಬ್ದದ ವೇಗ ಏರುತ್ತದೆ: 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 1,482 ಮೀಟರ್, 37 ಡಿಗ್ರಿಯಲ್ಲಿ ಸುಮಾರು 1,524. ಕೊಬ್ಬಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಬೆಣ್ಣೆ ಬಿಸಿಗೆ ಸಡಿಲವಾಗುವಂತೆ ಕೊಬ್ಬೂ ಸಡಿಲವಾಗುತ್ತದೆ, ಆಗ ಅದರೊಳಗೆ ಶಬ್ದ ನಿಧಾನವಾಗುತ್ತದೆ. ದೊಡ್ಡವರ ಹಿಮ್ಮಡಿ ಮೂಳೆಯಲ್ಲಿರುವುದು ಬಹುಪಾಲು ಹಳದಿ ಮಜ್ಜೆ, ಅಂದರೆ ಕೊಬ್ಬೇ. ಹಾಗಾಗಿ ಹಿಮ್ಮಡಿ ಬಿಸಿಯಾದಷ್ಟೂ ವೇಗದ ಅಂಕಿ ತುಸು ಇಳಿಯುವತ್ತ ವಾಲುತ್ತದೆ. ವ್ಯಾಯಾಮ ಮಾಡಿದರೆ ಅಂಕಿ ಏರಬೇಕಲ್ಲ ಎಂದುಕೊಂಡವರಿಗೆ ಇದು ತಲೆಕೆಳಗಾಗಿ ಕಾಣುವುದು ಸಹಜ. ಇಳಿದದ್ದು ಮೂಳೆಯಲ್ಲ, ಮಜ್ಜೆಯ ಕೊಬ್ಬಿನಲ್ಲಿ ಶಬ್ದದ ಓಟ.

ಇನ್ನು ಬಾವು. ತುಂಬ ಹೊತ್ತು ನಿಂತರೂ ನಡೆದರೂ ಪಾದದಲ್ಲಿ ದ್ರವ ಸೇರುತ್ತದೆ. ಮಧುಮೇಹ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರಲ್ಲಿ, ಬಿಪಿಯ ಕೆಲವು ಮಾತ್ರೆ ನುಂಗುವವರಲ್ಲಿ ಇನ್ನೂ ಹೆಚ್ಚು. ದ್ರವ ತುಂಬಿದ ಪಾದದಲ್ಲಿ ಮೂಳೆಯ ಪಾಲಿಗಿಂತ ಮೆದು ಅಂಗಾಂಶದ ಪಾಲು ಹೆಚ್ಚಾಗಿ ಲೆಕ್ಕ ಏರುಪೇರಾಗುತ್ತದೆ. ಬೆವರು, ಧೂಳು, ಒಡೆದ ಹಿಮ್ಮಡಿಯ ಒರಟು ಚರ್ಮ ಜೆಲ್ ಸರಿಯಾಗಿ ಅಂಟಲು ಬಿಡುವುದಿಲ್ಲ. ಮೆತ್ತೆಗೂ ಚರ್ಮಕ್ಕೂ ನಡುವೆ ಕೂದಲೆಳೆಯಷ್ಟು ಗಾಳಿ ಸಿಕ್ಕಿಕೊಂಡರೂ ಅಲೆಯ ಬಲ ಅಲ್ಲೇ ಉಡುಗುತ್ತದೆ.

ನಾಲ್ಕನೆಯದು ಕಣ್ಣಿಗೆ ಕಾಣದ್ದು, ಆದರೆ ಹಲವು ಸಲ ಎಲ್ಲಕ್ಕಿಂತ ದೊಡ್ಡದು: ಪಾದ ಇಟ್ಟ ಜಾಗ. ಹಿಮ್ಮಡಿ ಮೂಳೆ ಎಲ್ಲ ಕಡೆ ಒಂದೇ ಸಮ ದಟ್ಟವಾಗಿಲ್ಲ. ಕೆಲವೇ ಮಿಲಿಮೀಟರ್ ಹಿಂದೆಮುಂದೆ ಸರಿದರೂ ಅಲೆ ಬೇರೆ ಜಾಗ ದಾಟುತ್ತದೆ, ಅಂಕಿಯೂ ಬೇರೆಯಾಗುತ್ತದೆ. ದಣಿದ ಮೀನಖಂಡ, ಅವಸರದ ಸಾಲು, ಹಿಂದಿನವರ ನೂಕುನುಗ್ಗಲು ಇರುವಾಗ ಪಾದ ಅಲುಗದೆ ಕೂರುವುದು ಕಷ್ಟ.

ಕೆಲವು ಯಂತ್ರಗಳಲ್ಲಿ ಪಾದವನ್ನು ಬೆಚ್ಚಗಿನ ನೀರಿನಲ್ಲಿ ಇಡುತ್ತಾರೆ, ಅಲ್ಲಿ ಬಿಸಿಯ ಏರುಪೇರು ಒಂದಿಷ್ಟು ತಗ್ಗುತ್ತದೆ. ಊರಿಂದೂರಿಗೆ ಹೊತ್ತೊಯ್ಯಲು ಸುಲಭವಾದ ಒಣ ಮಾದರಿಯಲ್ಲಿ ಆ ಅನುಕೂಲವಿಲ್ಲ.

ಹತ್ತು ಮೀಟರಿನಲ್ಲಿ ಬಣ್ಣ ಬದಲು

ಇವೆಲ್ಲ ಸಣ್ಣಪುಟ್ಟ ವ್ಯತ್ಯಾಸಗಳಲ್ಲವೆ ಎಂದು ಕೇಳಬಹುದು. ಸಣ್ಣವೇ. ಆದರೆ ಅಳೆಯುವ ವಸ್ತುವೇ ಸಣ್ಣದಾದಾಗ ಸಣ್ಣ ದೋಷವೂ ದೊಡ್ಡದಾಗುತ್ತದೆ. ಒಂದು ಲೆಕ್ಕ ಮಾಡಿ ನೋಡೋಣ.

ಅಕಿಲೀಸ್ ಎಂಬ ಹೆಸರುವಾಸಿ ಮಾದರಿಯಲ್ಲಿ ಎರಡೂ ಅಳತೆ ಸೇರಿಸಿ ‘ಸ್ಟಿಫ್‌ನೆಸ್ ಇಂಡೆಕ್ಸ್’ ಎಂಬ ಒಂದೇ ಅಂಕಿ ಮಾಡುತ್ತಾರೆ. ಬಲ ಕುಂದಿದ ಅಳತೆಯನ್ನು 0.67ರಿಂದ, ವೇಗವನ್ನು 0.28ರಿಂದ ಗುಣಿಸಿ, ಕೂಡಿಸಿ, 420 ಕಳೆಯುವುದು. ಒಬ್ಬ 55 ವರ್ಷದ ಗೃಹಿಣಿಯ ಬಲ ಕುಂದಿದ ಅಳತೆ 111, ವೇಗ ಸೆಕೆಂಡಿಗೆ 1,540 ಮೀಟರ್ ಎಂದಿಟ್ಟುಕೊಳ್ಳಿ. ಆಗ ಇಂಡೆಕ್ಸ್ 85.6. ಅದೇ ಹಿಮ್ಮಡಿಯಲ್ಲಿ ಬಿಸಿಯೋ ಬಾವೋ ಪಾದ ಸರಿದದ್ದೋ, ಯಾವ ಕಾರಣಕ್ಕಾದರೂ ವೇಗ 10 ಮೀಟರ್ ಕಡಿಮೆ ಬಂತು ಎನ್ನಿ. ವೇಗದಲ್ಲಿ ಅದು ಶೇ 0.65ರಷ್ಟು ಮಾತ್ರ. ಇಂಡೆಕ್ಸ್ ಮಾತ್ರ 82.8ಕ್ಕೆ, ಅಂದರೆ ಶೇ 3.3ರಷ್ಟು ಇಳಿಯುತ್ತದೆ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಚೀಟಿಯಲ್ಲಿರುವ ಟಿ ಸ್ಕೋರ್ ಎಂದರೆ ಆರೋಗ್ಯವಂತ ಯುವಜನರ ಸರಾಸರಿಯಿಂದ ನೀವೆಷ್ಟು ದೂರ ಎಂಬ ಲೆಕ್ಕ. ಆ ಸರಾಸರಿ 100, ಜನರ ನಡುವಿನ ಸಹಜ ಏರಿಳಿತದ ಮಾನ 15 ಎಂದು ಹಿಡಿದರೆ ಮೊದಲ ಸಲದ ಸ್ಕೋರ್ ಮೈನಸ್ 0.96, ಎರಡನೇ ಸಲದ್ದು ಮೈನಸ್ 1.15. ಗೆರೆ ಇರುವುದು ಮೈನಸ್ 1ರಲ್ಲಿ. ಒಂದು ಚೀಟಿಯಲ್ಲಿ ಹಸಿರು, ಇನ್ನೊಂದರಲ್ಲಿ ಹಳದಿ. ಮೂಳೆ ಇದ್ದಂತೆಯೇ ಇದೆ.

ವೇಗದ ಅಳತೆಯಲ್ಲಿ ದೋಷ ಶೇ ಅರ್ಧಕ್ಕಿಂತ ಕಡಿಮೆ ಎಂಬ ಮಾತು ಯಂತ್ರದ ಹೆಗ್ಗಳಿಕೆಯಾಗಿ ಆಗಾಗ ಕಿವಿಗೆ ಬೀಳುತ್ತದೆ. ಮಾತು ಸುಳ್ಳಲ್ಲ. ಆದರೆ ಗಟ್ಟಿ ಮೂಳೆಗೂ ಟೊಳ್ಳು ಮೂಳೆಗೂ ನಡುವೆ ವೇಗದ ಅಂತರವೇ ನೂರೈವತ್ತು ಮೀಟರಿನಷ್ಟು. ಆ ಕಿರಿದಾದ ಜಾಗದಲ್ಲಿ ಶೇ ಅರ್ಧವೂ ಕಡಿಮೆಯೇನಲ್ಲ.

ಎಷ್ಟು ಇಳಿದರೆ ನಿಜವಾಗಿ ಇಳಿದಂತೆ?

ಅಳತೆಯ ಶಾಸ್ತ್ರದಲ್ಲಿ ಇದಕ್ಕೊಂದು ಸರಳ ಸೂತ್ರವಿದೆ. ಒಬ್ಬರನ್ನೇ ಮತ್ತೆ ಮತ್ತೆ ಅಳೆದಾಗ ಬರುವ ದೋಷವನ್ನು 2.77ರಿಂದ ಗುಣಿಸಬೇಕು. ಎರಡು ಅಳತೆಗಳ ನಡುವಿನ ವ್ಯತ್ಯಾಸ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಶೇ 95ರಷ್ಟು ಭರವಸೆಯಿಂದ ‘ಬದಲಾಗಿದೆ’ ಎನ್ನಬಹುದು. ದೋಷ ಶೇ 2 ಇದ್ದರೆ ಗೆರೆ ಶೇ 5.5. ಮೇಲಿನ ಗೃಹಿಣಿಯ ಶೇ 3.3ರ ಇಳಿಕೆ ಆ ಗೆರೆಯ ಹತ್ತಿರಕ್ಕೂ ಬರುವುದಿಲ್ಲ.

ಮೂಳೆಯ ನಡಿಗೆಯೂ ನಿಧಾನ. ಹಳೆಯ ಮೂಳೆಯನ್ನು ಕರಗಿಸಿ ಹೊಸದನ್ನು ಕಟ್ಟುವ ಒಂದು ಸುತ್ತಿಗೆ ಮೂರರಿಂದ ಆರು ತಿಂಗಳು ಬೇಕು. ಮುಟ್ಟು ನಿಂತ ಮೊದಲ ವರ್ಷಗಳಲ್ಲಿ, ಅಂದರೆ ಸವಕಲು ಚುರುಕಾಗಿರುವ ಹೊತ್ತಿನಲ್ಲೂ, ಇಳಿಕೆ ವರ್ಷಕ್ಕೆ ಶೇ 1ರಿಂದ 3. ಹಾಗಿದ್ದ ಮೇಲೆ ಒಂದು ತಿಂಗಳಲ್ಲಿ ಹಸಿರಿನಿಂದ ಹಳದಿಗೆ ಜಾರಿದ ಚುಕ್ಕಿಯನ್ನು ಮೂಳೆಯ ಸುದ್ದಿ ಎಂದು ಓದಲು ದಾರಿಯೇ ಇಲ್ಲ. ‘ಎರಡು ತಿಂಗಳು ವಾಕಿಂಗ್ ಮಾಡಿದೆ, ಅಂಕಿ ಮೇಲೇರಿತು’ ಎಂಬ ಖುಷಿಗೂ ಇದೇ ಮಾತು ಅನ್ವಯಿಸುತ್ತದೆ.

ಮೂಳೆಯ ಸಾಂದ್ರತೆ ಅಳೆಯುವ ಆಸ್ಪತ್ರೆಯ ಡೆಕ್ಸಾ ಸ್ಕ್ಯಾನ್‌ಗೂ ದೋಷ ಇದೆ. ಬೆನ್ನುಮೂಳೆಯಲ್ಲಿ ಶೇ 5.3ರವರೆಗಿನ ವ್ಯತ್ಯಾಸವನ್ನು ಬದಲಾವಣೆ ಎಂದು ಪರಿಗಣಿಸದ ಕೇಂದ್ರಗಳೂ ಒಪ್ಪಿತ ಮಿತಿಯೊಳಗೇ ಇವೆ. ಆದರೆ ಅದು ಕ್ಷಕಿರಣದ ಅಳತೆ. ಪಾದ ಬೆಚ್ಚಗಿದೆಯೊ ತಣ್ಣಗಿದೆಯೊ ಎಂಬುದು ಅದಕ್ಕೆ ಲೆಕ್ಕಕ್ಕಿಲ್ಲ. ಅಳೆಯುವುದೂ ಮುರಿದರೆ ಹಾಸಿಗೆ ಹಿಡಿಸುವ ಜಾಗಗಳನ್ನೇ: ಸೊಂಟ ಮತ್ತು ಬೆನ್ನು.

ಶಿಬಿರ ಬೇಕು ಎನ್ನುವವರು, ಬೇಡ ಎನ್ನುವವರು

ಶಿಬಿರದ ಪರವಾಗಿರುವವರ ವಾದದಲ್ಲಿ ಹುರುಳಿದೆ. ಡೆಕ್ಸಾ ಯಂತ್ರವನ್ನು ಜಗಳೂರಿಗೋ ಮೊಳಕಾಲ್ಮುರಿಗೋ ಜೀಪಿನಲ್ಲಿ ಹಾಕಿಕೊಂಡು ಹೋಗಲಾಗದು. ಅಲ್ಟ್ರಾಸೌಂಡ್ ಪೆಟ್ಟಿಗೆಯನ್ನು ಒಯ್ಯಬಹುದು. ವಿಕಿರಣವಿಲ್ಲ, ಖರ್ಚು ಕಡಿಮೆ. ಹಿಮ್ಮಡಿಯ ಅಲ್ಟ್ರಾಸೌಂಡ್ ಮುಂದಿನ ಮೂಳೆ ಮುರಿತದ ಸುಳಿವು ಕೊಡುತ್ತದೆ ಎಂಬುದಕ್ಕೆ ಗಟ್ಟಿ ಆಧಾರವೂ ಇದೆ. ಫ್ರಾನ್ಸಿನಲ್ಲಿ 5,662 ವೃದ್ಧೆಯರನ್ನು ಹಿಂಬಾಲಿಸಿದ ಅಧ್ಯಯನ 1996ರಲ್ಲಿ, ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ 42ರಿಂದ 82 ವರ್ಷದ 14,824 ಗಂಡಸರು ಮತ್ತು ಹೆಂಗಸರ ಅಧ್ಯಯನ 2004ರಲ್ಲಿ ಇದನ್ನು ತೋರಿಸಿಕೊಟ್ಟವು.

ಇನ್ನೊಂದು ಕಡೆಯವರ ತಕರಾರು ಯಂತ್ರದ ಮೇಲಲ್ಲ, ಅದರ ಚೀಟಿಯನ್ನು ಓದುವ ರೀತಿಯ ಮೇಲೆ. ಟಿ ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ ಎಂಬ ಗೆರೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಎಳೆದದ್ದು ಕ್ಷಕಿರಣದ ಸಾಂದ್ರತೆಗೆ. ಅದನ್ನು ಹಿಮ್ಮಡಿಯ ಶಬ್ದಕ್ಕೆ ಹಾಗೇ ಅಂಟಿಸುವಂತಿಲ್ಲ, ಚಿಕಿತ್ಸೆ ಫಲಿಸಿತೇ ಎಂದು ನೋಡಲು ಹಿಮ್ಮಡಿಯ ಅಲ್ಟ್ರಾಸೌಂಡ್ ಬಳಸುವಂತಿಲ್ಲ ಎಂದು ಮೂಳೆ ಸಾಂದ್ರತೆ ತಜ್ಞರ ಅಂತರರಾಷ್ಟ್ರೀಯ ಸಂಘ ಸ್ಪಷ್ಟವಾಗಿ ಹೇಳಿದೆ. ಮುಟ್ಟು ನಿಂತ ಹೆಂಗಸರು ಮತ್ತು 65 ದಾಟಿದ ಗಂಡಸರಲ್ಲಿ ಮುರಿತದ ಅಪಾಯ ಅಂದಾಜಿಸಲು ಮಾತ್ರ ಅದರ ಒಪ್ಪಿಗೆ.

ಈ ಎರಡು ವಾದಗಳು ಒಂದಕ್ಕೊಂದು ವಿರುದ್ಧವಲ್ಲ. ಸಾವಿರಾರು ಜನರ ಗುಂಪಿನಲ್ಲಿ ಸಣ್ಣ ದೋಷಗಳು ಒಂದನ್ನೊಂದು ತಿಂದುಹಾಕುತ್ತವೆ, ಒಟ್ಟು ಚಿತ್ರ ನಿಲ್ಲುತ್ತದೆ. ಅದೂ ಆ ಅಧ್ಯಯನಗಳಲ್ಲಿ ಎಲ್ಲರನ್ನೂ ಒಂದೇ ಕ್ರಮದಲ್ಲಿ ಅಳೆದಿದ್ದರು. ಪಾರ್ಕಿನ ಗೇಟಿನಲ್ಲಿ ನಿಂತ ಒಬ್ಬರ ಕೈಗೆ ಬರುವ ಒಂದು ಚೀಟಿಯಲ್ಲಿ ದೋಷ ಹಾಗೇ ಉಳಿಯುತ್ತದೆ. ಇಪ್ಪತ್ತೈದು ಮೂವತ್ತರ ಹುಡುಗ ಹುಡುಗಿಯರನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿ ‘ಮೂಳೆ ವೀಕು’ ಎನ್ನುವುದಂತೂ ಸರಿಯಲ್ಲ.

ವರ್ಷಗಟ್ಟಲೆ ನಡೆದ ಹಿಮ್ಮಡಿ

ಇಷ್ಟು ಹೊತ್ತು ಹೇಳಿದ್ದು ಅರ್ಧ ಗಂಟೆ ಹಿಂದಿನ ವ್ಯಾಯಾಮದ ಮಾತು. ವರ್ಷಗಟ್ಟಲೆ ಮಾಡಿದ ಶ್ರಮದ ಮಾತೇ ಬೇರೆ, ಅದು ನಿಜವಾಗಿಯೂ ಮೂಳೆಯನ್ನು ಕಟ್ಟುತ್ತದೆ. ಭಾರ ಬಿದ್ದ ಕಡೆ ಮೂಳೆ ತನ್ನನ್ನು ತಾನೇ ಬಲಪಡಿಸಿಕೊಳ್ಳುತ್ತದೆ ಎಂದು ಜರ್ಮನಿಯ ಯೂಲಿಯುಸ್ ವೋಲ್ಫ್ 1892ರಲ್ಲೇ ವಿವರಿಸಿದ್ದ.

ಇಲ್ಲೂ ಒಂದು ಎಚ್ಚರ ಬೇಕು. ಪ್ರತಿ ಹೆಜ್ಜೆಗೂ ಮೊದಲು ನೆಲಕ್ಕೆ ಬಡಿಯುವುದು ಹಿಮ್ಮಡಿ. ದಾವಣಗೆರೆಯ ಗರಡಿ ಮನೆಯಲ್ಲಿ ಬಸ್ಕಿ ಹೊಡೆಯುವ ಪೈಲ್ವಾನರು, ಪೊಲೀಸ್ ನೇಮಕಾತಿಗಾಗಿ ದಿನಾ ಓಡುವ ಹುಡುಗರು, ದುರ್ಗದ ಕೋಟೆಯ ಮೆಟ್ಟಿಲನ್ನು ವಾರವಾರ ಹತ್ತಿಳಿಯುವವರು, ಹೊಲಗೆಲಸಕ್ಕೆ ನಡೆದೇ ಹೋಗುವ ಹೆಂಗಸರು, ಇವರ ಹಿಮ್ಮಡಿಗೆ ಬೀಳುವ ಭಾರ ಹೆಚ್ಚು. ಹಿಮ್ಮಡಿ ಒಳ್ಳೆಯ ಅಂಕಿ ತೋರಿಸಿತೆಂದು ಬೆನ್ನುಮೂಳೆಯೂ ಅಷ್ಟೇ ಗಟ್ಟಿ ಎನ್ನಲಾಗದು. ಈಜು, ಸೈಕಲ್ ಹೊಡೆಯುವವರ ಹಿಮ್ಮಡಿಗೆ ಆ ಬಡಿತವೇ ಇಲ್ಲ. ಅವರ ಅಂಕಿ ತುಸು ಕಡಿಮೆ ಇದ್ದರೆ ಅದು ರೋಗದ ಗುರುತೇ ಆಗಬೇಕಿಲ್ಲ.

ಫ್ಲೋರೈಡ್ ನೀರಿನ ಸೀಮೆಯಲ್ಲಿ

ನಮ್ಮ ಜಿಲ್ಲೆಗಳಿಗೆ ಇನ್ನೊಂದು ತೊಡಕಿದೆ, ಹೊರಗಿನಿಂದ ಬಂದ ಶಿಬಿರದವರು ಅದನ್ನು ಕೇಳುವುದು ಅಪರೂಪ. ಚಿತ್ರದುರ್ಗ, ದಾವಣಗೆರೆಯ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ದಶಕಗಟ್ಟಲೆ ಕುಡಿದವರ ಹಲ್ಲಿನ ಮೇಲಿನ ಕಂದು ಗೆರೆ ಎಲ್ಲರಿಗೂ ಕಾಣುತ್ತದೆ, ಮೂಳೆಯೊಳಗೆ ಆಗಿದ್ದು ಕಾಣುವುದಿಲ್ಲ.

ಫ್ಲೋರೈಡ್ ಮೂಳೆಯ ಸಾಂದ್ರತೆಯನ್ನು ಹೆಚ್ಚಿಸುತ್ತದೆ. ಅದನ್ನು ಔಷಧಿಯಾಗಿ ಬಳಸಬಹುದೇ ಎಂದೂ ಒಂದು ಕಾಲದಲ್ಲಿ ನೋಡಿದ್ದರು. ಅಮೆರಿಕದ ಮೇಯೊ ಕ್ಲಿನಿಕ್‌ನ ತಂಡ 202 ಹೆಂಗಸರ ಮೇಲೆ ನಡೆಸಿ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಫ್ಲೋರೈಡ್ ಪಡೆದವರ ಬೆನ್ನುಮೂಳೆಯ ಸಾಂದ್ರತೆ ನಾಲ್ಕು ವರ್ಷಗಳಲ್ಲಿ ಶೇ 35ರಷ್ಟು ಏರಿತು. ಆದರೆ ಬೆನ್ನಿನ ಹೊರತಾದ ಮೂಳೆಗಳ ಮುರಿತ ಕಡಿಮೆಯಾಗುವ ಬದಲು ಹೆಚ್ಚಾಯಿತು. ಅಂಕಿ ಏರಿತು, ಗಟ್ಟಿತನ ಏರಲಿಲ್ಲ. ಚಳ್ಳಕೆರೆ, ಮೊಳಕಾಲ್ಮುರು, ಜಗಳೂರು ಕಡೆಯಿಂದ ಬಂದವರ ಚೀಟಿಯಲ್ಲಿ ಚುಕ್ಕಿ ಹಸಿರಿನಲ್ಲಿದ್ದರೆ ವೈದ್ಯರು ‘ನೀರು ಯಾವುದು ಕುಡೀತೀರಿ?’ ಎಂದೂ ಕೇಳಬೇಕು ಎನ್ನುವುದು ಇದಕ್ಕೇ.

ಚೀಟಿ ಮನೆಗೆ ಹೋದ ಮೇಲೆ

ಹಳದಿ ಚುಕ್ಕಿಯ ಚೀಟಿ ಹಿಡಿದು ಮನೆಗೆ ಹೋದ ಹೆಂಗಸಿಗೆ ಆಗುವ ದೊಡ್ಡ ನಷ್ಟ ಮಾತ್ರೆಯ ದುಡ್ಡಲ್ಲ. ‘ಮೂಳೆ ಸವೆದಿದೆಯಂತೆ, ಇನ್ನು ಜಾಸ್ತಿ ಓಡಾಡಬೇಡಮ್ಮ’ ಎಂಬ ಮನೆಯವರ ಪ್ರೀತಿಯ ಮಾತು. ನಮ್ಮಲ್ಲಿ ಮಂಡಿಯ ಮೃದ್ವಸ್ಥಿ ಸವೆದರೂ ‘ಸವೆತ’ ಎನ್ನುತ್ತಾರೆ, ಮೂಳೆ ಟೊಳ್ಳಾದರೂ ‘ಸವೆತ’ ಎನ್ನುತ್ತಾರೆ. ಎರಡೂ ಬೇರೆ ಬೇರೆ ತೊಂದರೆ. ಬಳಸಿ ಬಳಸಿ ಸವೆಯಿತು, ಬಳಸದಿದ್ದರೆ ಉಳಿಯುತ್ತದೆ ಎಂಬ ಅರ್ಥ ಆ ಒಂದೇ ಪದದಿಂದ ಹುಟ್ಟುತ್ತದೆ. ಟೊಳ್ಳಾಗುವ ಮೂಳೆಯ ವಿಷಯದಲ್ಲಿ ನಡೆಯುವುದು ಇದರ ಉಲ್ಟಾ: ನಡಿಗೆ ನಿಂತರೆ ಮೂಳೆ ಇನ್ನಷ್ಟು ಬೇಗ ತೆಳುವಾಗುತ್ತದೆ, ಕಾಲಿನ ಸ್ನಾಯು ಸೊರಗುತ್ತದೆ, ಬಚ್ಚಲಲ್ಲಿ ಜಾರುವ ಅಪಾಯ ಹೆಚ್ಚುತ್ತದೆ. ನಡೆದು ಬಂದ ಬಿಸಿಯಿಂದ ಜಾರಿದ ಒಂದು ಚುಕ್ಕಿ, ಆ ನಡಿಗೆಯನ್ನೇ ನಿಲ್ಲಿಸುವಂತಾದರೆ ಅದಕ್ಕಿಂತ ದುಃಖದ ಸಂಗತಿ ಇನ್ನೊಂದಿಲ್ಲ.

ಹಸಿರು ಚುಕ್ಕಿಯಿಂದಲೂ ಹಾನಿ ಆಗಬಹುದು. ಎಪ್ಪತ್ತು ದಾಟಿದ, ಎರಡು ವರ್ಷದ ಹಿಂದೆ ಅಂಗಳದಲ್ಲಿ ಎಡವಿ ಮಣಿಕಟ್ಟು ಮುರಿದುಕೊಂಡ, ಉಬ್ಬಸಕ್ಕೆಂದು ವರ್ಷಗಟ್ಟಲೆ ಸ್ಟಿರಾಯ್ಡ್ ಮಾತ್ರೆ ನುಂಗಿದ ಅಜ್ಜಿಗೆ ಹಿಮ್ಮಡಿಯ ಅಂಕಿ ಏನೇ ಬರಲಿ, ಮುರಿತದ ಅಪಾಯ ಇದ್ದೇ ಇದೆ. ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯ 2008ರಲ್ಲಿ ಹೊರತಂದ ಫ್ರಾಕ್ಸ್ ಎಂಬ ಲೆಕ್ಕದಲ್ಲಿ ವಯಸ್ಸು, ತೂಕ, ಹಿಂದಿನ ಮುರಿತ, ತಂದೆತಾಯಿಯ ಸೊಂಟ ಮುರಿದಿತ್ತೇ, ಬೀಡಿ ಸಿಗರೇಟು, ಸ್ಟಿರಾಯ್ಡ್ ಇವನ್ನೆಲ್ಲ ಕೇಳುತ್ತಾರೆ. ಭಾರತೀಯರಿಗೆಂದೇ ಒಂದು ಮಾದರಿ ಅದರಲ್ಲಿದೆ. ಸಾಂದ್ರತೆಯ ಅಂಕಿ ಇಲ್ಲದೆಯೂ ಹತ್ತು ವರ್ಷದ ಅಪಾಯವನ್ನು ಅಂದಾಜಿಸಬಹುದು. ಯಂತ್ರವೇ ಬೇಡದ ಈ ಪ್ರಶ್ನೆಗಳನ್ನು ಶಿಬಿರಗಳಲ್ಲಿ ಮೊದಲು ಕೇಳಬೇಕಿತ್ತು.

ಮೇಜಿನ ಮೇಲೆ ಆಗಬೇಕಾದ್ದು

ಶಿಬಿರ ನಿಲ್ಲಿಸಬೇಕಿಲ್ಲ, ಕ್ರಮ ಬದಲಾದರೆ ಸಾಕು. ವಾಕಿಂಗ್ ಮುಗಿಸಿದವರನ್ನು ನೇರ ಯಂತ್ರಕ್ಕೆ ಕಳಿಸದೆ, ಶೂ ಸಾಕ್ಸ್ ಕಳಚಿಸಿ, ಪಾದ ತಣಿಯುವ ತನಕ ಕೂರಿಸಬೇಕು. ಆ ಹೊತ್ತಿನಲ್ಲೇ ಮುರಿತ, ಮಾತ್ರೆ, ಮುಟ್ಟು, ನೀರು ಇವುಗಳ ಪ್ರಶ್ನೆ ಕೇಳಿ ಬರೆದುಕೊಳ್ಳಬಹುದು, ಸಮಯ ಹಾಳಾಗುವುದಿಲ್ಲ. ಪಾದ ತೊಳೆದು ಒರೆಸಿ ಜೆಲ್ ಹಚ್ಚಿ ಅಳೆಯಬೇಕು. ಗೆರೆಯ ಹತ್ತಿರ ಬಂದವರ ಪಾದ ತೆಗೆಸಿ, ಮತ್ತೆ ಇಡಿಸಿ, ಇನ್ನೊಮ್ಮೆ ಅಳೆಯಬೇಕು. ಎರಡು ಅಂಕಿಗಳ ಅಂತರ ಕಣ್ಣಾರೆ ಕಂಡವರಿಗೆ ದೋಷ ಎಂದರೇನು ಎಂದು ಭಾಷಣ ಬೇಕಾಗುವುದಿಲ್ಲ. ಕಡಿಮೆ ಬಂದವರಿಗೆ ‘ನಿಮಗೆ ಆಸ್ಟಿಯೊಪೊರೋಸಿಸ್ ಇದೆ’ ಎನ್ನುವ ಬದಲು ‘ವೈದ್ಯರನ್ನು ಕಂಡು ಡೆಕ್ಸಾ ಬೇಕೇ ಕೇಳಿ’ ಎನ್ನಬೇಕು.

ಚೀಟಿಯ ಮೇಲೆ ಯಂತ್ರದ ಮಾದರಿ, ಎಡಗಾಲೋ ಬಲಗಾಲೋ, ಅಳೆದ ಗಂಟೆ, ಅದಕ್ಕೆ ಮೊದಲು ನಡೆದಿದ್ದರೇ ಕೂತಿದ್ದರೇ ಎಂದು ಪೆನ್ನಿನಲ್ಲಿ ಬರೆದುಕೊಡಲು ಅರ್ಧ ನಿಮಿಷ ಸಾಕು. ಮುಂದಿನ ವರ್ಷ ಅದೇ ಚೀಟಿ ಹಿಡಿದು ಬಂದಾಗ ಯಂತ್ರ ಬೇರೆಯಾಗಿದ್ದರೆ ಹಳೆಯ ಅಂಕಿಯ ಪಕ್ಕದಲ್ಲಿ ಹೊಸದನ್ನು ಇಟ್ಟು ಹೋಲಿಸಬಾರದು. ಒಂದು ಕಂಪನಿಯ ಪೆಟ್ಟಿಗೆಯ 85ಕ್ಕೂ ಇನ್ನೊಂದರ 85ಕ್ಕೂ ಅರ್ಥ ಒಂದೇ ಅಲ್ಲ.